ಷರಾ

ನಸುಕಿನ್ಯಾಗ ಹುಬ್ಬಳ್ಳಿ ಬಿಟ್ಟು
ಬ್ಯಾಡಗಿ ಮುಟ್ಟೂದ್ರಾಗ ಬಿಸಿಲು ಏರಿತ್ತು.
ಕೋರ್ ಕಟರ್, ನೀರಿನ ಕ್ಯಾನು, ಹಳೇ ಸೀರಿ ಸುತ್ತಿದ ಸುತ್ತಿಗಿ,
ಹಿಂದಿನ ಸೀಟಿನ್ಯಾಗ ಬಾಯಿ ತೆರದು ಮಲಗಿದ ಮೌಲಾಲಿ.

ಬೆಂಕಿ ಆರಿ ಹನ್ನೊಂದು ದಿನ.
ಆದರೂ ಗೇಟು ದಾಟೂದ ತಡ
ಇಬ್ಬರೂ ಸೀನಿದ್ವಿ,
ಕಣ್ಣೀರು ಒರಸಿಕೋತ ಒಳಗ ಹೋದ್ವಿ
ಸತ್ತವರ ಮನಿಗೆ ಬಂದವರಂಗ.
ಯಾರೂ ಸತ್ತಿದ್ದಿಲ್ಲ.
ನಲವತ್ತು ಸಾವಿರ ಚೀಲ ಮೆಣಸಿನಕಾಯಿ, ಅಷ್ಟ.

ಎರಡು ಗೋದಾಮು, ಮಗ್ಗಲಕ್ಕ ಮಗ್ಗಲು.
ಹಳೇದು ಮಾಲಕರ ಅಜ್ಜ ಕಟ್ಟಿಸಿದ್ದು:
ಸಲಿಕಿಲೆ ಕಲಸಿ, ಬುಟ್ಟಿಲೆ ಹೊತ್ತು ಸುರುವಿದ ಕಾಂಕ್ರೀಟು,
ಎಲ್ಲೆಲ್ಲೂ ತೂತು, ಮಳಿಗಾಲಕ್ಕ ಬೆವರೂ ಗ್ವಾಡಿ.
ಮಸಿ ಹಿಡದೈತಿ. ಸೀಳು ಬಿಟ್ಟೈತಿ. ನಿಂತೈತಿ.

ಹೊಸಾದು ಎಪ್ಪತ್ತರ ಗ್ರೇಡು.
ಸಿಲಿಕಾ ಪುಡಿ ಬೆರಸಿ, ನೀರನ್ನ ಬಂಗಾರಧಂಗ ತೂಗಿ ಹಾಕಿದ್ದು.
ಅದರ ಘನಗಳನ್ನ ಲ್ಯಾಬಿನ್ಯಾಗ ನಾನ ಒಡದಿದ್ದೆ;
ಮಷೀನು ಮುಲುಗಿತ್ತು, ಅದು ಮುಲುಗಿದ್ದಿಲ್ಲ.
ಒಂದು ಹನಿ ಒಳಗ ಹೋಗಂಗಿಲ್ಲ ಅನ್ನೂ ಸರ್ಟಿಫಿಕೇಟಿಗೆ
ಸಹಿ ನಂದ.

ಈಗ ಅದರ ಕಂಬ
ಜಗದು ಬಿಟ್ಟ ಕಬ್ಬಿನ ಜಲ್ಲಿ.
ಮೂಲಿ ಹಾರಿ, ಸರಳು ಹೊರಗ ಬಿದ್ದು ಬಾಗ್ಯಾವು.
"ಅರ್ಧ ತಾಸಿನ್ಯಾಗ ಶುರು ಆತ್ರಿ," ವಾಚಮನ್ ಬುಡ್ಡೇಸಾಬ ಅಂದ,
"ಕಂಬ ನಮ್ಮ ಮ್ಯಾಲೆ ಕಲ್ಲು ಒಗದ್ವು."

ಮಾಲಕರ ಮಗ ಕೇಳಿದ:
ದುಬಾರಿ ಮಾಲು ಮೊದಲು ಯಾಕ ಒಡೀತು?
ಹಬೆ ಅಂದೆ, ಒತ್ತಡ ಅಂದೆ, ಸಂದಿಲ್ಲದ ಮೈ ಅಂದೆ,
ಕಾಗದದ ಮ್ಯಾಲೆ ಗೀಟು ಎಳದೆ.
ಅವ ಫೋನು ನೋಡಿದ.

ತುಂಬು ಬಿಡಿಸೂ ಗದಿಗೆವ್ವ
ಕೆಲಸಿಲ್ಲದ ಹಳೇ ಗೋದಾಮಿನ ನೆರಳಿಗೆ ಕುಂತಿದ್ದಳು.
"ಪಂಚಮಿಗೆ ಅಳ್ಳು ಹುರದಿಲ್ಲೇನೋ ನಿಮ್ಮವ್ವ?
ಮೆತ್ತನ ಜ್ವಾಳ ಹಂಚಿನ್ಯಾಗ ಸುಮ್ಮನ ಕರ್ರಗಾಕ್ಕೈತಿ.
ಗಟ್ಟಿ ತೊಗಟಿದ್ದು, ಒಳಗ ತುಸು ಪಸಿ ಇದ್ದದ್ದು,
ಅದ ಸಿಡೀತೈತಿ."
ನಾ ಬರಕೊಳ್ಳಲಿಲ್ಲ.

ಕೂದಲಿಗಿಂತ ಸಣ್ಣ ಪ್ಲಾಸ್ಟಿಕ್ ಎಳಿ,
ಘನಮೀಟರಿಗೆ ಎರಡು ಕಿಲೋ ಬೆರಸಿದ್ದರ
ಬೆಂಕಿ ಬಂದಾಗ ತಾವು ಮೊದಲು ಕರಗಿ
ಹಬೆಗೆ ದಾರಿ ಬಿಡತಿದ್ವು.
ಅಂದಾಜುಪಟ್ಟಿಯೊಳಗ ಇದ್ದವು.
ಯಾರೋ ಪೆನ್ಸಿಲಿನಿಂದ ಗೀಟು ಹೊಡದು
ಮಗ್ಗಲಕ್ಕ ಬರದಿದ್ದರು: ಉಳಿತಾಯ.

ಮಧ್ಯಾಹ್ನ ಮೌಲಾಲಿ ಕೋರ್ ಎಳದ.
ಮುಂಗೈ ಉದ್ದದ ತುಂಡು:
ಹೊರಗ ಬೂದಿ, ನಡುವ ಗುಲಾಬಿ,
ತೀರಾ ಒಳಗ ಏನೂ ಆಗಿಲ್ಲದ ಹಳೇ ಬಣ್ಣ.
"ಮೆಣಸಿನಕಾಯಿ ಬಣ್ಣ ಇಳದೈತ್ರಿ."
ಅಲ್ಲೋ, ಅದು ಉಸುಕಿನ್ಯಾಗಿನ ಕಬ್ಬಿಣ,
ಮುನ್ನೂರು ಡಿಗ್ರಿ ದಾಟಿದ ಗುರ್ತು ಅಂದೆ.
ಅವ ನಾಲಿಗಿ ಹಚ್ಚಿ ನೋಡಿದ.
"ಖಾರ ಐತ್ರಿ."

ಎಪ್ಪತ್ತು ಇದ್ದದ್ದು ಮೂವತ್ತೊಂದಕ್ಕ ಒಡೀತು.
ಈ ಸಲ ಮಷೀನು ಮುಲುಗಲಿಲ್ಲ.

ಒಂದು ತುಂಡು ಒಡೀದ ಹಂಗ ಕಿಟಕಿಯೊಳಗ ಇಟ್ಟಿದ್ದೆ.
ಮೂರು ವಾರ ಜಿಟಿಜಿಟಿ ಮಳಿ.
ಯಾರೂ ಮುಟ್ಟಲಿಲ್ಲ, ಯಾವ ಭಾರಾನೂ ಹೇರಲಿಲ್ಲ.
ಬೆಂಕ್ಯಾಗ ಸುಣ್ಣ ಆದದ್ದು
ಗಾಳ್ಯಾಗಿನ ಪಸಿ ಕುಡದು, ಉಬ್ಬಿ,
ಒಂದು ಮುಂಜಾನೆ ತನ್ನಷ್ಟಕ್ಕ ತಾನು ಬಿಚ್ಚಿಕೊಂಡು
ಫರಸಿ ಮ್ಯಾಲೆ ಹಿಟ್ಟಾಗಿ ಬಿದ್ದಿತ್ತು.
ಕಸಬರಿಗಿ ಕೈಯಾಗ ಹಿಡದು ಎಷ್ಟೋ ಹೊತ್ತು ನಿಂತೆ.

ವರದಿಯೊಳಗ ಎಲ್ಲಾ ಕಾಲಮ್ಮು ತುಂಬಿದೆ.
ಕಡೀಕ ಉಳದದ್ದು ಷರಾ.
ಬರದೆ: ಖಾರ ಐತಿ.
ಸಾಹೇಬ್ರು ಕೆಂಪು ಪೆನ್ನಿಲೆ ಹೊಡದು ಹಾಕಿದ್ರು.

ಹೊಸಾ ಗೋದಾಮು ಕೆಡವಿದ್ರಂತ.
ಹಳೇದರಾಗ ಸುಣ್ಣ ಬಳದು ಮತ್ತ ಚೀಲ ಒಟ್ಟ್ಯಾರಂತ,
ಗದಿಗೆವ್ವ ಅಲ್ಲೇ ಕುಂತಾಳಂತ, ಮೌಲಾಲಿ ಹೇಳಿದ.

ಪಂಚಮಿ ಬಂತು.
ನಮ್ಮ ಮನ್ಯಾಗ ಅಳ್ಳು ಹುರಿಯೂ ಮುಂದ,
ಮೊದಲನೇ ಕಾಳು ಸಿಡದಾಗ,
ಚಪ್ಪಲಿ ಸುದ್ದಾ ಹಾಕ್ಕೊಳ್ಳದ
ಅಂಗಳಕ್ಕ ಹೋಗಿ ನಿಂತೆ.